ಋಣ ಘಾತವೆಂದರೆ ಋಣ ಸಂಖ್ಯೆಯಲ್ಲ

10⁻³ ಎಂದರೆ ಎಷ್ಟು? ‘ಮೈನಸ್ ಸಾವಿರ’ ಎನ್ನುವ ಮಕ್ಕಳೇ ಹೆಚ್ಚು. ಸಾವಿರ, ನೂರು, ಹತ್ತು, ಒಂದು ಎಂದು ಮೆಟ್ಟಿಲಿಳಿಯಿರಿ. ಪ್ರತಿ ಮೆಟ್ಟಿಲಿಗೂ ಘಾತ 3, 2, 1, 0 ಎಂದು ಇಳಿಯುತ್ತದೆ; ಸಂಖ್ಯೆ ಹತ್ತರಿಂದ ಭಾಗವಾಗುತ್ತದೆ. ಸೊನ್ನೆ ದಾಟಿದ ಮೇಲೂ ಇದೇ ನಿಯಮ: 10⁻¹ ಹತ್ತರಲ್ಲೊಂದು, 10⁻³ ಸಾವಿರದಲ್ಲೊಂದು. ಎಷ್ಟೇ ಇಳಿದರೂ ಬೆಲೆ ಸೊನ್ನೆಗಿಂತ ಹೆಚ್ಚೇ.

ಹೈಡ್ರೋಜನ್ ಪರಮಾಣುವಿನ ದ್ರವ್ಯರಾಶಿ ಸುಮಾರು 1.67 × 10⁻²⁴ ಗ್ರಾಂ. ಬಿಡಿಸಿ ಬರೆದರೆ ದಶಮಾಂಶ ಬಿಂದುವಿನ ನಂತರ 23 ಸೊನ್ನೆಗಳು! ಒಂದು ಸೊನ್ನೆ ಬಿಟ್ಟುಹೋದರೆ ಪರಮಾಣು ಹತ್ತುಪಟ್ಟು ಭಾರವಾಗುತ್ತದೆ. ವೈಜ್ಞಾನಿಕ ರೂಪದಲ್ಲಿ ಬರೆಯುವುದು ಇದಕ್ಕಾಗಿಯೇ.

ಹಾಗಾದರೆ ಒಂದು ಗ್ರಾಂ ಹೈಡ್ರೋಜನ್‌ನಲ್ಲಿ ಎಷ್ಟು ಪರಮಾಣುಗಳಿವೆ? 1ನ್ನು 1.67ರಿಂದ ಭಾಗಿಸಿದರೆ ಸುಮಾರು 0.6. ಭಾಗಿಸುವಾಗ ಘಾತಗಳನ್ನು ಕಳೆಯಬೇಕು: 0 − (−24) = 24. ಉತ್ತರ 0.6 × 10²⁴, ಅಂದರೆ 6 × 10²³. ಮುಂದೆ ರಸಾಯನಶಾಸ್ತ್ರದಲ್ಲಿ ಎದುರಾಗುವ ಅವೊಗಾಡ್ರೊ ಸಂಖ್ಯೆ ಹೆಚ್ಚುಕಡಿಮೆ ಇದೇ.

ಪರೀಕ್ಷೆಯಲ್ಲಿ ಅಂಕ ಜಾರುವುದೂ ಇಲ್ಲೇ. ಎರಡು ಮೈನಸ್‌ಗಳಲ್ಲಿ ಒಂದನ್ನು ಮರೆತರೆ ಉತ್ತರ 6 × 10⁻²⁵. ಒಂದು ಗ್ರಾಂನಲ್ಲಿ ಒಂದು ಪರಮಾಣುವೂ ಇಲ್ಲವೆಂದಾಯಿತು! ಬೀಜಗಣಿತ ಮರೆತ ತಂದೆತಾಯಿಯರೂ ಮಗುವಿನ ನೋಟ್‌ಬುಕ್ ನೋಡಿ ಇಷ್ಟನ್ನು ಕೇಳಬಹುದು: ಉತ್ತರ ಒಂದಕ್ಕಿಂತ ದೊಡ್ಡದಿರಬೇಕೋ, ಚಿಕ್ಕದೋ?