ರೋಟೊ ಆಯಿತು, ಮುಂದೇನು?

2025ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಸಮೂಹ ಕುಸಿದು ಬಿದ್ದಾಗ ಬೆಂಗಳೂರು, ಮುಂಬೈಗಳ ಸಾವಿರಾರು ವಿಎಫ್‌ಎಕ್ಸ್ (ದೃಶ್ಯ ಪರಿಣಾಮ) ಕಲಾವಿದರು ದಿನ ಬೆಳಗಾಗುವುದರಲ್ಲಿ ಕೆಲಸ ಕಳೆದುಕೊಂಡರು. 'ದಿ ಜಂಗಲ್ ಬುಕ್', '1917' ಚಿತ್ರಗಳ ದೃಶ್ಯ ಪರಿಣಾಮಗಳಿಗೆ ಆಸ್ಕರ್ ಗೆದ್ದ ಎಂಪಿಸಿ ಸ್ಟುಡಿಯೊ ಇದೇ ಸಮೂಹದ್ದು. ಅದಕ್ಕೆ ಹನ್ನೆರಡು ವರ್ಷ ಹಿಂದೆಯೂ ಹೀಗೇ ಆಗಿತ್ತು. 'ಲೈಫ್ ಆಫ್ ಪೈ' ಹುಲಿಯನ್ನು ಸೃಷ್ಟಿಸಿದ ರಿದಮ್ ಆ್ಯಂಡ್ ಹ್ಯೂಸ್, ವೇದಿಕೆಯ ಮೇಲೆ ಆಸ್ಕರ್ ಪಡೆಯುವ ಹೊತ್ತಿಗಾಗಲೇ ದಿವಾಳಿ ಅರ್ಜಿ ಹಾಕಿತ್ತು. ಆದ್ದರಿಂದ ಈ ಕ್ಷೇತ್ರಕ್ಕೆ ಬರುವವರು 'ಯಾವ ಸ್ಟುಡಿಯೊ ಸೇರಲಿ' ಎಂದು ಯೋಚಿಸುವ ಮೊದಲು 'ಯಾವ ವಿಭಾಗದಲ್ಲಿ ನೆಲೆ ನಿಲ್ಲಲಿ' ಎಂದು ತೀರ್ಮಾನಿಸಿಕೊಳ್ಳಬೇಕು. ಸ್ಟುಡಿಯೊ ಮುಚ್ಚಿದರೂ ಕೈಕಸುಬು ಜೊತೆಗಿರುತ್ತದೆ.

ನಮ್ಮ ದೇಶದಲ್ಲಿ ಹೆಚ್ಚಿನವರು ಒಳಗೆ ಬರುವುದು ಮೂರು ಬಾಗಿಲುಗಳಿಂದ: ರೋಟೊ, ಪೇಂಟ್, ಮ್ಯಾಚ್‌ಮೂವ್. ನಟನ ಸುತ್ತ ಗೆರೆ ಎಳೆದು ಹಿನ್ನೆಲೆಯಿಂದ ಅವನನ್ನು ಬೇರೆ ಮಾಡುವುದು ರೋಟೊ. ಸೆಕೆಂಡಿಗೆ 24 ಫ್ರೇಮ್ ಎಂದರೆ ನಾಲ್ಕೇ ಸೆಕೆಂಡಿನ ಶಾಟ್‌ಗೆ 96 ಫ್ರೇಮ್. ಅಷ್ಟರಲ್ಲೂ ಬೆರಳು, ಮೊಣಕೈ, ಹಾರುವ ಕೂದಲು ಬೇರೆ ಬೇರೆ ಆಕಾರಗಳಾಗಿ ಅಲುಗಬೇಕು. ಅಂಚು ಮಾತ್ರ ನಡುಗಬಾರದು. ನಟನನ್ನು ನೇತುಹಾಕಿದ ತಂತಿಯನ್ನೋ ಹಸಿರು ಪರದೆಯ ಮೇಲಿನ ಗುರುತುಗಳನ್ನೋ ಅಳಿಸುವುದು ಪೇಂಟ್. ಚಿತ್ರೀಕರಣದ ಕ್ಯಾಮೆರಾ ಹೇಗೆ ಚಲಿಸಿತೋ ಹಾಗೆಯೇ ಕಂಪ್ಯೂಟರಿನೊಳಗೆ ಇನ್ನೊಂದು ಕ್ಯಾಮೆರಾವನ್ನು ಚಲಿಸುವಂತೆ ಮಾಡುವುದು ಮ್ಯಾಚ್‌ಮೂವ್. ಇವಕ್ಕೆಲ್ಲ ಜನಬಲ ಹೆಚ್ಚು ಬೇಕು, ಅದಕ್ಕೇ ಹಾಲಿವುಡ್ ಇವನ್ನು ಇತ್ತ ಕಳಿಸುತ್ತದೆ.

ರೋಟೊ ಎಂದರೆ ಮೂಗು ಮುರಿಯುವವರಿದ್ದಾರೆ. ನನ್ನ ಮಟ್ಟಿಗೆ ಅದು ಒಳ್ಳೆಯ ಆರಂಭವೇ, ಅಲ್ಲೇ ಬೇರು ಬಿಡಬಾರದು ಅಷ್ಟೆ. ಎಐ ಉಪಕರಣಗಳು ಮೊದಲು ಕೈಹಾಕಿರುವುದೂ ಇಲ್ಲಿಗೇ. ರೋಟೊ, ಪೇಂಟ್ ಮಾಡಿದವರಿಗೆ ಸಹಜವಾದ ಮುಂದಿನ ಮೆಟ್ಟಿಲು ಕಾಂಪೋಸಿಟಿಂಗ್, ಅಂದರೆ ಬಿಡಿ ಪದರಗಳನ್ನೆಲ್ಲ ಕೂಡಿಸಿ ಒಂದೇ ಚಿತ್ರವೆಂದು ನಂಬಿಸುವ ಕೆಲಸ. ಅಂಚು ನೋಡಿ ಪಳಗಿದ ಕಣ್ಣು ಅಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಹೊಗೆ, ನೀರು, ಸ್ಫೋಟಗಳ ಎಫ್‌ಎಕ್ಸ್ ವಿಭಾಗಕ್ಕೆ ರೋಟೊದಿಂದ ದಾರಿಯಿಲ್ಲ. ಅದಕ್ಕೆ ಹೌಡಿನಿ ಎಂಬ ತಂತ್ರಾಂಶವನ್ನು ಬೇರೆಯಾಗಿಯೇ ಕಲಿಯಬೇಕು. ಎಂಜಿನಿಯರಿಂಗ್ ಓದಿ, ಪೈಥಾನ್ ಬಲ್ಲವರಿಗೆ ಪೈಪ್‌ಲೈನ್ ವಿಭಾಗವಿದೆ, ಅಂದರೆ ವಿಭಾಗಗಳ ನಡುವೆ ಕೆಲಸ ಸುಗಮವಾಗಿ ಸಾಗುವಂತೆ ಕೋಡ್ ಬರೆಯುವ ಕೆಲಸ. ಕಾಲೇಜುಗಳಲ್ಲಿ ಇದರ ಸುದ್ದಿ ಎತ್ತುವವರೇ ಕಡಿಮೆ.

ಕಲಿಯಲು ಲಕ್ಷಾಂತರ ರೂಪಾಯಿ ಸುರಿಯಬೇಕಿಲ್ಲ. ಕಾಂಪೋಸಿಟಿಂಗ್ ತಂತ್ರಾಂಶ ನ್ಯೂಕ್‌ಗೆ ವಾಣಿಜ್ಯೇತರ ಆವೃತ್ತಿ ಇದೆ, ಹೌಡಿನಿಗೆ ಅಪ್ರೆಂಟಿಸ್ ಆವೃತ್ತಿ ಇದೆ; ಎರಡೂ ಉಚಿತ. 3ಡಿ ತಂತ್ರಾಂಶ ಬ್ಲೆಂಡರ್ ಅಂತೂ ಪೂರ್ತಿ ಉಚಿತ. ಬ್ಲೆಂಡರ್ ಫೌಂಡೇಶನ್ 2012ರಲ್ಲಿ ತಯಾರಿಸಿದ 'ಟಿಯರ್ಸ್ ಆಫ್ ಸ್ಟೀಲ್' ಕಿರುಚಿತ್ರದ ಮೂಲ ದೃಶ್ಯಗಳನ್ನೂ ಯಾರು ಬೇಕಾದರೂ ಇಳಿಸಿಕೊಂಡು ಅಭ್ಯಾಸ ಮಾಡಬಹುದು.

ಅಭ್ಯಾಸದ ಫಲ ಕಾಣಬೇಕಾದದ್ದು ಶೋರೀಲ್‌ನಲ್ಲಿ, ಅಂದರೆ ನಿಮ್ಮ ಕೆಲಸದ ಮಾದರಿಗಳ ವಿಡಿಯೊದಲ್ಲಿ. ಒಂದೂವರೆ ನಿಮಿಷ ಸಾಕು; ಅತ್ಯುತ್ತಮ ಶಾಟ್ ಮೊದಲಿಗೇ ಬರಲಿ, ಏಕೆಂದರೆ ನೋಡುವವರಿಗೆ ಕೊನೆಯವರೆಗೆ ಕಾಯುವ ವ್ಯವಧಾನ ಇರುವುದಿಲ್ಲ. ಪ್ರತಿ ಶಾಟ್‌ನಲ್ಲೂ ನೀವು ಮಾಡಿದ್ದೇನು ಎಂದು ಬರೆಯಿರಿ: 'ಹಸಿರು ಪರದೆ ತೆಗೆದದ್ದು (ಕೀಯಿಂಗ್) ಮತ್ತು ತಂತಿ ಅಳಿಸಿದ್ದು ನಾನು, ಹಿನ್ನೆಲೆ ಬೇರೆಯವರದು' ಎಂಬಷ್ಟು ಸ್ಪಷ್ಟವಾಗಿ. ತರಬೇತಿ ಸಂಸ್ಥೆ ಇಡೀ ತರಗತಿಗೆ ಕೊಟ್ಟ ಒಂದೇ ಡ್ರ್ಯಾಗನ್ ಹತ್ತು ಜನರ ರೀಲ್‌ನಲ್ಲಿ ಹಾರಾಡಿದರೆ ಸೂಪರ್‌ವೈಸರ್‌ಗೆ ಯಾರದೂ ನೆನಪುಳಿಯುವುದಿಲ್ಲ. ಇನ್ನು, ಬಿಡುಗಡೆಯಾಗದ ಚಿತ್ರದ ಶಾಟ್ ಹಾಕುವುದಂತೂ ಇದ್ದ ಕೆಲಸಕ್ಕೇ ಕಲ್ಲು ಹಾಕಿಕೊಂಡಂತೆ. ಗೋಪ್ಯತೆಯ ಕರಾರಿಗೆ ಎಲ್ಲರೂ ಸಹಿ ಹಾಕಿರುತ್ತಾರೆ. ಚಿತ್ರ ಬಿಡುಗಡೆಯಾದ ಮೇಲೂ ಸ್ಟುಡಿಯೊದ ಅನುಮತಿ ಕೇಳಿಯೇ ಬಳಸಬೇಕು.

ನೆಟ್‌ವರ್ಕಿಂಗ್ ಎಂದೊಡನೆ ಕಂಡಕಂಡವರಿಗೆ ಲಿಂಕ್ಡ್‌ಇನ್ ರಿಕ್ವೆಸ್ಟ್ ಕಳಿಸುವುದೆಂದು ತಿಳಿದವರೇ ಹೆಚ್ಚು. ಇಲ್ಲಿ ನಿಜವಾದ ಪರಿಚಯ ಹುಟ್ಟುವುದು ಡೈಲೀಸ್‌ನಲ್ಲಿ. ಅಂದಂದಿನ ಶಾಟ್‌ಗಳನ್ನು ದೊಡ್ಡ ಪರದೆಯ ಮೇಲೆ ಹಾಕಿ ಸೂಪರ್‌ವೈಸರ್ ಎಲ್ಲರೆದುರು ತಪ್ಪು ಎತ್ತಿ ತೋರಿಸುವ ಹೊತ್ತು ಅದು. ಏಳನೇ ಸಲವೂ ಶಾಟ್ ವಾಪಸ್ ಬಂದಾಗ ಮುಖ ಗಂಟಿಕ್ಕದೆ ಗುರುತು ಹಾಕಿಕೊಂಡು ಹೋಗುವವರು ಯಾರು ಎಂಬುದನ್ನು ಪಕ್ಕದಲ್ಲಿ ಕೂತವರು ಗಮನಿಸಿರುತ್ತಾರೆ. ಮುಂದೊಂದು ದಿನ ಅವರು ಬೇರೆ ಸ್ಟುಡಿಯೊದಲ್ಲಿ ಲೀಡ್ ಆದಾಗ, 'ಆ ಹುಡುಗಿ ಹೇಗೆ?' ಎಂದು ಅಲ್ಲಿನವರು ಕೇಳುವುದು ಅವರನ್ನೇ. ಪ್ರೊಡಕ್ಷನ್ ಕೋಆರ್ಡಿನೇಟರ್‌ಗಳನ್ನು ಕಲಾವಿದರು ಸಾಮಾನ್ಯವಾಗಿ 'ಆಯ್ತಾ, ಆಯ್ತಾ' ಎಂದು ಬೆನ್ನು ಹತ್ತುವವರೆಂದೇ ನೋಡುತ್ತಾರೆ. ಆದರೆ ಯಾರು ಗಡುವಿಗೆ ಸರಿಯಾಗಿ ಕೊಡುತ್ತಾರೆ ಎಂಬ ಲೆಕ್ಕ ಪಕ್ಕಾ ಇರುವುದು ಅವರ ಬಳಿಯೇ.

ಇನ್ನೂ ಒಳಗೆ ಬಾರದವರು ಏನು ಮಾಡಬೇಕು? 'ಸರ್, ಓಪನಿಂಗ್ ಇದೆಯಾ?' ಎಂಬ ಸಂದೇಶಕ್ಕೆ ಉತ್ತರ ಬರುವುದು ಅಪರೂಪ. 'ಸರ್, ಈ ಹತ್ತು ಸೆಕೆಂಡಿನ ಶಾಟ್‌ನಲ್ಲಿ ಕೂದಲಿನ ಅಂಚು ನೋಡಿ ಹೇಳುತ್ತೀರಾ?' ಎಂದರೆ ಬಿಡುವಾದಾಗ ನೋಡುವ ಹಿರಿಯರು ಸಿಗುತ್ತಾರೆ. ಅವರು ಹೇಳಿದ್ದನ್ನು ತಿದ್ದಿ ಎರಡನೇ ಸಲ ಕಳಿಸುವವರು ಬಲು ಕಡಿಮೆ. ಪರಿಚಯ ಗಟ್ಟಿಯಾಗುವುದು ಆ ಎರಡನೇ ಸಲಕ್ಕೇ. ಬೆಂಗಳೂರಿನಲ್ಲಿ ಅನಿಮೇಷನ್ ಉದ್ಯಮದ ಸಂಘಟನೆಯಾದ ಅಬಾಯ್ ಇದೆ, ಜಿಎಎಫ್‌ಎಕ್ಸ್ ಸಮ್ಮೇಳನ ನಡೆಯುತ್ತದೆ. ಅಲ್ಲಿಗೆ ಹೋದರೆ ಭಾಷಣಕಾರರ ಜೊತೆ ಸೆಲ್ಫಿಗೆ ಮುಗಿಬೀಳುವ ಬದಲು, ನಿಮಗಿಂತ ಎರಡು ಮೂರು ವರ್ಷ ಮುಂದಿರುವವರ ಜೊತೆ ಕಾಫಿ ಕುಡಿಯಿರಿ. ಯಾವ ಸ್ಟುಡಿಯೊ ಜನ ತೆಗೆದುಕೊಳ್ಳುತ್ತಿದೆ, ಎಲ್ಲಿ ಸಂಬಳ ತಡವಾಗುತ್ತಿದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಲಂಡನ್, ವ್ಯಾಂಕೂವರ್, ಮಾಂಟ್ರಿಯಲ್ ಕನಸಿದ್ದವರು ಒಂದು ವಿಷಯ ತಿಳಿದಿರಬೇಕು: ಅಲ್ಲಿಗೆ ಕೆಲಸ ಹರಿದುಬರುವುದರಲ್ಲಿ ಸರ್ಕಾರದ ತೆರಿಗೆ ರಿಯಾಯಿತಿಗಳ ಪಾಲು ದೊಡ್ಡದು. ಗುತ್ತಿಗೆ ಎಷ್ಟೋ ಸಲ ಒಂದು ಚಿತ್ರದ ಮಟ್ಟಿಗಷ್ಟೇ ಇರುತ್ತದೆ. 2023ರಲ್ಲಿ ಹಾಲಿವುಡ್‌ನ ಬರಹಗಾರರು, ನಟರು ಮುಷ್ಕರ ಹೂಡಿದಾಗ ಚಿತ್ರೀಕರಣಗಳು ನಿಂತವು, ಅದರ ಬಿಸಿ ಇಲ್ಲಿನ ರೋಟೊ ಮೇಜುಗಳಿಗೂ ತಟ್ಟಿತು. ಕೆಲವು ತಿಂಗಳ ಖರ್ಚಿಗಾಗುವಷ್ಟು ಹಣ ಕೈಯಲ್ಲಿ ಇಟ್ಟುಕೊಳ್ಳುವುದೂ ಈ ವೃತ್ತಿಯ ಯೋಜನೆಯ ಭಾಗವೇ.

ಕೊನೆಗೊಂದು ಎಚ್ಚರಿಕೆ. 'ಮೊದಲು ಡೆಪಾಸಿಟ್ ಕಟ್ಟಿ, ತರಬೇತಿ ಮುಗಿಸಿದರೆ ಕೆಲಸ ಗ್ಯಾರಂಟಿ' ಎನ್ನುವವರು ಈ ಕ್ಷೇತ್ರದಲ್ಲಿ ಸಾಕಷ್ಟಿದ್ದಾರೆ. ನೆಟ್ಟಗಿರುವ ಸ್ಟುಡಿಯೊ ಟೆಸ್ಟ್ ಶಾಟ್ ಕೊಟ್ಟು ನಿಮ್ಮ ಕೈಗುಣ ನೋಡುತ್ತದೆಯೇ ಹೊರತು ದುಡ್ಡು ಕೇಳುವುದಿಲ್ಲ. ಕೇಳಿದರೆ ಎದ್ದು ಬನ್ನಿ.