ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ

ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಅಥವಾ ತೂಕ ಇಳಿಕೆಯ ಶಸ್ತ್ರಚಿಕಿತ್ಸೆ ಎಂದರೆ ತೀವ್ರ ಸ್ಥೂಲಕಾಯತೆಯಿಂದ ಬಳಲುವವರ ಜಠರವನ್ನು ಕಿರಿದುಗೊಳಿಸಿ, ಕೆಲವು ವಿಧಗಳಲ್ಲಿ ಸಣ್ಣಕರುಳಿನಲ್ಲಿ ಆಹಾರ ಸಾಗುವ ದಾರಿಯನ್ನೂ ಬದಲಿಸಿ, ದೇಹದ ತೂಕವನ್ನೂ ಅದರಿಂದ ಹುಟ್ಟಿದ ರೋಗಗಳನ್ನೂ ತಗ್ಗಿಸುವ ಚಿಕಿತ್ಸೆ. ಗ್ರೀಕ್ ಭಾಷೆಯ ‘ಬರೋಸ್’ (ಭಾರ) ಮತ್ತು ‘ಇಯಾಟ್ರೋಸ್’ (ವೈದ್ಯ) ಎಂಬ ಪದಗಳಿಂದ ಈ ಹೆಸರು ಬಂದಿದೆ. ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವ ಲಿಪೊಸಕ್ಷನ್ ಇದಕ್ಕಿಂತ ಸಂಪೂರ್ಣ ಭಿನ್ನವಾದುದು. ಅದು ಅಂಗಸೌಷ್ಠವಕ್ಕಾಗಿ ಮಾಡುವ ಚಿಕಿತ್ಸೆ. ಹಸಿವು ಮತ್ತು ಚಯಾಪಚಯ ಕ್ರಿಯೆಯನ್ನು ಅದು ಬದಲಿಸುವುದಿಲ್ಲ.

ಸ್ಲೀವ್ ಗ್ಯಾಸ್ಟ್ರೆಕ್ಟಮಿ, ರೂ-ಎನ್-ವೈ ಬೈಪಾಸ್ ಮತ್ತು ಏಕಜೋಡಣೆಯ ಬೈಪಾಸ್ ಇಂದು ಹೆಚ್ಚಾಗಿ ನಡೆಯುವ ವಿಧಗಳು. ಇವುಗಳಲ್ಲಿ ಎಲ್ಲರಿಗೂ ಸರ್ವೋತ್ತಮವೆನ್ನುವಂಥದು ಯಾವುದೂ ಇಲ್ಲ. ಎಷ್ಟು ಕಿಲೋ ಇಳಿಯುತ್ತದೆ ಎಂಬುದಕ್ಕಿಂತ, ವ್ಯಕ್ತಿಗೆ ಈಗಾಗಲೇ ಇರುವ ಕಾಯಿಲೆಗಳು ಯಾವುವು ಮತ್ತು ಮುಂದೆ ಜೀವನಪರ್ಯಂತ ಯಾವ ನಿಯಮವನ್ನು ಪಾಲಿಸಲು ಅವರಿಗೆ ಸಾಧ್ಯ ಎಂಬುದೇ ಆಯ್ಕೆಯನ್ನು ನಿರ್ಧರಿಸಬೇಕಾಗುತ್ತದೆ.

ಇತಿಹಾಸ

1954ರಲ್ಲಿ ಅಮೆರಿಕದ ಮಿನ್ನೆಸೋಟದ ಕ್ರೆಮೆನ್ ಮತ್ತು ಅವರ ಸಹೋದ್ಯೋಗಿಗಳು ಸಣ್ಣಕರುಳಿನ ಬಹುಭಾಗವನ್ನು ಬಿಟ್ಟು ಆಹಾರವನ್ನು ನೇರವಾಗಿ ಕೊನೆಯ ಭಾಗಕ್ಕೆ ಸಾಗಿಸುವ ವಿಧಾನವನ್ನು ವರದಿ ಮಾಡಿದರು. ಮುಂದೆ ಈ ಬಗೆಯ ಚಿಕಿತ್ಸೆಗೆ ಒಳಗಾದವರ ತೂಕ ಇಳಿಯಿತಾದರೂ ತೀವ್ರ ಭೇದಿ, ಮೂತ್ರಪಿಂಡದ ಕಲ್ಲು ಮತ್ತು ಯಕೃತ್ತಿನ ವೈಫಲ್ಯ ಕಾಣಿಸಿಕೊಂಡವು. ಕಾಲಕ್ರಮದಲ್ಲಿ ಅದನ್ನು ಕೈಬಿಡಲಾಯಿತು. ತೂಕ ಇಳಿದ ಮಾತ್ರಕ್ಕೆ ಚಿಕಿತ್ಸೆ ಸಫಲವಾಯಿತೆಂದಲ್ಲ ಎಂಬ ಪಾಠವನ್ನು ಈ ಕ್ಷೇತ್ರ ಕಲಿತದ್ದು ಹೀಗೆ.

ಹುಣ್ಣಿನ ಕಾರಣಕ್ಕೆ ಜಠರದ ಭಾಗವನ್ನು ತೆಗೆಸಿಕೊಂಡವರು ಮರಳಿ ದಪ್ಪವಾಗುವುದಿಲ್ಲವೆಂಬುದನ್ನು ಗಮನಿಸಿದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್, ಚಿಕಾಶಿ ಇಟೊ ಅವರೊಡನೆ 1966ರಲ್ಲಿ ಜಠರದ ಬೈಪಾಸ್ ಚಿಕಿತ್ಸೆಯನ್ನು ಆರಂಭಿಸಿದರು. 1990ರ ದಶಕದಲ್ಲಿ ಲ್ಯಾಪರೊಸ್ಕೋಪಿ, ಅಂದರೆ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಉಪಕರಣಗಳನ್ನು ತೂರಿಸಿ ಮಾಡುವ ಕ್ರಮ, ಬಳಕೆಗೆ ಬಂದ ನಂತರ ಗಾಯದ ತೊಂದರೆಗಳೂ ಆಸ್ಪತ್ರೆವಾಸವೂ ಕಡಿಮೆಯಾದವು. ಸ್ಲೀವ್ ವಿಧಾನವು ಮೊದಲು ಒಂದು ದೊಡ್ಡ ಶಸ್ತ್ರಚಿಕಿತ್ಸೆಯ ಮೊದಲ ಹಂತವಾಗಿತ್ತು. ಆ ಹಂತದಲ್ಲಿಯೇ ಅನೇಕರ ತೂಕ ಸಾಕಷ್ಟು ಇಳಿದುದರಿಂದ ಅದು ಸ್ವತಂತ್ರ ಚಿಕಿತ್ಸೆಯಾಗಿ ಬೆಳೆಯಿತು.

ಅರ್ಹತೆ

ಅರ್ಹತೆಯನ್ನು ಸಾಮಾನ್ಯವಾಗಿ ದೇಹದ್ರವ್ಯರಾಶಿ ಸೂಚಿಯಿಂದ (ಬಿ.ಎಂ.ಐ.) ಅಳೆಯಲಾಗುತ್ತದೆ. ಕಿಲೋಗ್ರಾಂಗಳಲ್ಲಿ ಹೇಳಿದ ತೂಕವನ್ನು ಮೀಟರುಗಳಲ್ಲಿ ಹೇಳಿದ ಎತ್ತರದ ವರ್ಗದಿಂದ ಭಾಗಿಸಿದರೆ ಈ ಸಂಖ್ಯೆ ದೊರೆಯುತ್ತದೆ. ಉದಾಹರಣೆಗೆ, 1.6 ಮೀಟರ್ ಎತ್ತರ ಮತ್ತು 84 ಕಿಲೋ ತೂಕ ಇರುವವರ ಸೂಚಿ ಸುಮಾರು 32.8.

1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರ ಸಭೆಯು 40 ಅಥವಾ ಅದಕ್ಕಿಂತ ಹೆಚ್ಚಿನ ಸೂಚಿ ಇರುವವರಿಗೆ, ಹಾಗೂ 35ಕ್ಕಿಂತ ಹೆಚ್ಚಿದ್ದು ಗಂಭೀರ ಕಾಯಿಲೆಯೂ ಇರುವವರಿಗೆ ಈ ಚಿಕಿತ್ಸೆಯನ್ನು ಪರಿಗಣಿಸಬಹುದೆಂದಿತು. ಏಷ್ಯಾದವರಲ್ಲಿ ಕಡಿಮೆ ತೂಕದಲ್ಲಿಯೇ ಹೊಟ್ಟೆಯ ಬೊಜ್ಜು ಮತ್ತು ಮಧುಮೇಹ ಕಾಣಿಸಿಕೊಳ್ಳುವುದರಿಂದ ಭಾರತದ ವೈದ್ಯರು ಕ್ರಮವಾಗಿ 37.5 ಮತ್ತು 32.5 ಎಂಬ ಮಿತಿಗಳನ್ನು ಪಾಲಿಸುತ್ತ ಬಂದರು. 2022ರಲ್ಲಿ ಅಮೆರಿಕದ ಹಾಗೂ ಅಂತರರಾಷ್ಟ್ರೀಯ ಬೇರಿಯಾಟ್ರಿಕ್ ತಜ್ಞರ ಒಕ್ಕೂಟಗಳು ಜಂಟಿಯಾಗಿ ಹೊರಡಿಸಿದ ಮಾರ್ಗಸೂಚಿಯು ಏಷ್ಯಾದವರಿಗೆ 27.5ರಿಂದಲೇ ಈ ಚಿಕಿತ್ಸೆಯನ್ನು ಪರಿಗಣಿಸಬಹುದೆಂದು ಹೇಳಿದೆ.

ಸೂಚಿಯ ಸಂಖ್ಯೆಯೊಂದೇ ಸಾಲದು. ಥೈರಾಯಿಡ್ ಕೊರತೆ, ಕುಶಿಂಗ್ ಕಾಯಿಲೆ ಅಥವಾ ಕೆಲವು ಔಷಧಿಗಳಿಂದ ತೂಕ ಏರಿದ್ದರೆ ಮೊದಲು ಅವನ್ನು ಗುರುತಿಸಬೇಕು. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಮುಂತಾದ ಚುಚ್ಚುಮದ್ದುಗಳೂ ಈಗ ಪರ್ಯಾಯವಾಗಿ ಲಭ್ಯವಿವೆ. ಅವುಗಳನ್ನು ನಿಲ್ಲಿಸಿದ ಬಳಿಕ ತೂಕ ಬಹುಮಟ್ಟಿಗೆ ಮರಳುತ್ತದೆ.

ವಿಧಗಳು

ಸ್ಲೀವ್ ಗ್ಯಾಸ್ಟ್ರೆಕ್ಟಮಿ: ಜಠರದ ಹೊರಬಾಗಿನ ಶೇಕಡಾ 75ರಿಂದ 80ರಷ್ಟು ಭಾಗವನ್ನು ಕತ್ತರಿಸಿ ತೆಗೆದು, ಉಳಿದುದನ್ನು ಅಂಗಿಯ ತೋಳಿನಂತಹ ಕಿರಿದಾದ ಕೊಳವೆಯಾಗಿ ರೂಪಿಸಲಾಗುತ್ತದೆ. ಹಸಿವನ್ನು ಪ್ರಚೋದಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಉತ್ಪತ್ತಿಯಾಗುವುದು ತೆಗೆದುಹಾಕುವ ಭಾಗದಲ್ಲಿಯೇ; ಆದ್ದರಿಂದ ಹೊಟ್ಟೆ ಬೇಗ ತುಂಬುವುದಲ್ಲದೆ ಹಸಿವೂ ತಗ್ಗುತ್ತದೆ. ಕರುಳಿನ ದಾರಿ ಬದಲಾಗುವುದಿಲ್ಲ. ಆದರೆ ತೆಗೆದ ಜಠರವನ್ನು ಮರಳಿ ಜೋಡಿಸಲು ಸಾಧ್ಯವಿಲ್ಲ.

ರೂ-ಎನ್-ವೈ ಬೈಪಾಸ್: ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವನ್ನು ಬೇರ್ಪಡಿಸಿ, ಅದಕ್ಕೆ ಸಣ್ಣಕರುಳಿನ ಒಂದು ಕವಲನ್ನು ಜೋಡಿಸಲಾಗುತ್ತದೆ. ಉಳಿದ ಜಠರ ದೇಹದಲ್ಲಿಯೇ ಇರುತ್ತದೆ. ಅದರ ರಸವೂ ಪಿತ್ತರಸವೂ ಇನ್ನೊಂದು ಕವಲಿನ ಮೂಲಕ ಬಂದು ಕೆಳಗೆ ಆಹಾರವನ್ನು ಸೇರುತ್ತವೆ. ಈ ಜೋಡಣೆ ಇಂಗ್ಲಿಷಿನ ‘ವೈ’ ಅಕ್ಷರದ ಆಕಾರದಲ್ಲಿರುತ್ತದೆ. ‘ರೂ’ ಎಂಬುದು ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಸೀಸರ್ ರೂ ಅವರ ಹೆಸರು.

ಏಕಜೋಡಣೆಯ ಬೈಪಾಸ್: ಇದನ್ನು ಮಿನಿ ಬೈಪಾಸ್ ಎಂದೂ ಕರೆಯುತ್ತಾರೆ. ಉದ್ದನೆಯ ಜಠರ ಕೊಳವೆಗೆ ಸಣ್ಣಕರುಳನ್ನು ಒಂದೇ ಕಡೆ ಸೇರಿಸಲಾಗುತ್ತದೆ. ತಾಂತ್ರಿಕವಾಗಿ ಸರಳವಾಗಿದ್ದು ಮಧುಮೇಹದ ಮೇಲೆ ಉತ್ತಮ ಪರಿಣಾಮ ಬೀರುತ್ತದೆ. ಪಿತ್ತರಸ ಜಠರಕ್ಕೂ ಅನ್ನನಾಳಕ್ಕೂ ಹಿಮ್ಮುಖವಾಗಿ ಹರಿಯಬಹುದೆಂಬುದು ಇದರ ಮುಖ್ಯ ದೋಷ.

ಡುಯೋಡಿನಲ್ ಸ್ವಿಚ್: ಸ್ಲೀವ್ ಜೊತೆಗೆ ಕರುಳಿನ ದೀರ್ಘಭಾಗವನ್ನು ಬಿಟ್ಟು ಆಹಾರ ಸಾಗಿಸುವ ವಿಧಾನ. ತೂಕ ಇಳಿಕೆ ಎಲ್ಲಕ್ಕಿಂತ ಹೆಚ್ಚು. ಪ್ರೋಟೀನ್ ಮತ್ತು ಜೀವಸತ್ವಗಳ ಕೊರತೆಯ ಅಪಾಯವೂ ಎಲ್ಲಕ್ಕಿಂತ ಹೆಚ್ಚು.

ಹೊಂದಿಸಬಲ್ಲ ಪಟ್ಟಿ: ಜಠರದ ಮೇಲ್ಭಾಗಕ್ಕೆ ಸಿಲಿಕೋನ್ ಪಟ್ಟಿಯನ್ನು ಬಿಗಿಯುವ ವಿಧಾನ. ಪಟ್ಟಿ ಜಾರುವುದು, ಜಠರದ ಗೋಡೆಯನ್ನು ಕೊರೆಯುವುದು ಮುಂತಾದ ಕಾರಣಗಳಿಂದ ಮರುಶಸ್ತ್ರಚಿಕಿತ್ಸೆಗಳು ಹೆಚ್ಚಾಗಿ, ಇಂದು ಇದರ ಬಳಕೆ ಬಹಳ ವಿರಳವಾಗಿದೆ.

ಆಯ್ಕೆಯ ಮಾನದಂಡಗಳು

ಸ್ಲೀವ್ ಮತ್ತು ರೂ-ಎನ್-ವೈ ಬೈಪಾಸ್‌ಗಳನ್ನು ಹೋಲಿಸಿದ ಎರಡು ಪ್ರಮುಖ ಅಧ್ಯಯನಗಳ ಐದು ವರ್ಷಗಳ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಫಿನ್ಲೆಂಡಿನ ಅಧ್ಯಯನದಲ್ಲಿ ಹೆಚ್ಚುವರಿ ತೂಕದ ಪೈಕಿ ಸ್ಲೀವ್ ಮಾಡಿಸಿಕೊಂಡವರು ಸರಾಸರಿ ಶೇಕಡಾ 49ರಷ್ಟನ್ನೂ ಬೈಪಾಸ್ ಮಾಡಿಸಿಕೊಂಡವರು ಶೇಕಡಾ 57ರಷ್ಟನ್ನೂ ಕಳೆದುಕೊಂಡಿದ್ದರು. ಸ್ವಿಟ್ಜರ್ಲೆಂಡಿನ ಅಧ್ಯಯನದಲ್ಲಿ ತೂಕ ಇಳಿಕೆಯ ಅಂತರ ಗಣನೀಯವಾಗಿರಲಿಲ್ಲ. ಆದರೆ ಮೊದಲೇ ಹುಳಿತೇಗಿನ ತೊಂದರೆ ಇದ್ದವರ ಪೈಕಿ ಅದು ಉಲ್ಬಣಿಸಿದ್ದು ಸ್ಲೀವ್ ಗುಂಪಿನ ಶೇಕಡಾ 32ರಷ್ಟು ಮಂದಿಗಾದರೆ, ಬೈಪಾಸ್ ಗುಂಪಿನಲ್ಲಿ ಶೇಕಡಾ 6ರಷ್ಟು ಮಂದಿಗೆ ಮಾತ್ರ. ತೂಕದ ಲೆಕ್ಕದಲ್ಲಿ ಸಮೀಪವಿರುವ ಎರಡು ವಿಧಗಳು ಬೇರೊಂದು ತೊಂದರೆಯ ಲೆಕ್ಕದಲ್ಲಿ ಎಷ್ಟು ದೂರವಿರಬಲ್ಲವು ಎಂಬುದಕ್ಕೆ ಇದು ನಿದರ್ಶನ. ಆದ್ದರಿಂದ ಆಯ್ಕೆಯ ವೇಳೆ ಮುಖ್ಯವಾಗಿ ಈ ಅಂಶಗಳನ್ನು ಪರಿಶೀಲಿಸಲಾಗುತ್ತದೆ.

ಎದೆಯುರಿ ಮತ್ತು ಹುಳಿತೇಗು: ಇವು ತೀವ್ರವಾಗಿದ್ದರೆ ಅಥವಾ ಅನ್ನನಾಳದ ಒಳಪದರಕ್ಕೆ ಹಾನಿಯಾಗಿದ್ದರೆ ಸಾಮಾನ್ಯವಾಗಿ ರೂ-ಎನ್-ವೈ ಬೈಪಾಸ್ ಮೇಲೆನಿಸುತ್ತದೆ.

ಮಧುಮೇಹ: ಬೈಪಾಸ್ ನಂತರ ಆಹಾರ ಕರುಳಿನ ಕೆಳಭಾಗವನ್ನು ಬೇಗ ತಲುಪಿ ಇನ್ಸುಲಿನ್‌ಗೆ ನೆರವಾಗುವ ಹಾರ್ಮೋನುಗಳು ಹೆಚ್ಚುತ್ತವೆ, ತೂಕ ಇಳಿಯುವ ಮುನ್ನವೇ ಸಕ್ಕರೆಯ ಮಟ್ಟ ಸುಧಾರಿಸಬಹುದು. ಕಾಯಿಲೆ ಬಹಳ ಹಳೆಯದಾಗಿ ಇನ್ಸುಲಿನ್ ಉತ್ಪತ್ತಿಯೇ ಕುಗ್ಗಿದ್ದರೆ ಯಾವ ವಿಧದಿಂದಲೂ ಪೂರ್ಣ ಉಪಶಮನದ ಭರವಸೆ ಕೊಡಲಾಗದು.

ನಿತ್ಯದ ಔಷಧಿಗಳು: ಕೀಲುನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದ ಮಾತ್ರೆಗಳನ್ನು ಬಿಡಲಾರದವರಿಗೆ ಬೈಪಾಸ್ ಜೋಡಣೆಯ ಜಾಗದಲ್ಲಿ ಹುಣ್ಣಾಗುವ ಅಪಾಯವಿದೆ. ಧೂಮಪಾನಿಗಳಿಗೂ ಇದೇ ಅಪಾಯ. ಅಂಗಾಂಗ ಕಸಿ ಅಥವಾ ಅಪಸ್ಮಾರದ ಔಷಧಿ ಸೇವಿಸುವವರಲ್ಲಿ ಔಷಧಿಯ ಹೀರಿಕೆ ಏರುಪೇರಾಗಬಾರದೆಂದು ಸ್ಲೀವ್ ಕಡೆಗೆ ಒಲವು ತೋರಲಾಗುತ್ತದೆ.

ಆಹಾರಪದ್ಧತಿ ಮತ್ತು ರಕ್ತಹೀನತೆ: ಬಿ12 ಜೀವಸತ್ವ ಸಹಜವಾಗಿ ದೊರೆಯುವುದು ಪ್ರಾಣಿಜನ್ಯ ಆಹಾರದಿಂದ. ಸಸ್ಯಾಹಾರಿಗಳಲ್ಲಿ ಮೊದಲೇ ಇರಬಹುದಾದ ಕೊರತೆಯನ್ನು ಬೈಪಾಸ್ ಇನ್ನಷ್ಟು ಹೆಚ್ಚಿಸುತ್ತದೆ. ಅಧಿಕ ಮುಟ್ಟಿನ ಸ್ರಾವವಿರುವ ಮಹಿಳೆಯರಲ್ಲಿ ಕಬ್ಬಿಣದ ಕೊರತೆಯೂ ಹೀಗೆಯೇ.

ಮರುಭೇಟಿಯ ಅನುಕೂಲ: ರಕ್ತಪರೀಕ್ಷೆ ಮತ್ತು ಪೂರಕ ಮಾತ್ರೆಗಳು ಸ್ಲೀವ್ ನಂತರವೂ ಅಗತ್ಯ. ಕರುಳನ್ನು ಹೆಚ್ಚು ಬಳಸಿಹೋಗುವ ವಿಧಗಳಲ್ಲಂತೂ ಅವುಗಳನ್ನು ತಪ್ಪಿಸಿದರೆ ಪ್ರಾಣಕ್ಕೇ ಸಂಚಕಾರ ಬರಬಹುದು. ಆಸ್ಪತ್ರೆಯಿಂದ ದೂರವಿರುವವರು ಈ ಅಂಶವನ್ನು ಮೊದಲೇ ತೂಗಿನೋಡಬೇಕು.

ಪೂರ್ವಸಿದ್ಧತೆ

ಸಿದ್ಧತೆಯು ಚಿಕಿತ್ಸೆಯ ಭಾಗವೇ ಹೊರತು ಔಪಚಾರಿಕ ವಿಧಿಯಲ್ಲ. ಸಕ್ಕರೆಯ ಮಟ್ಟ, ಯಕೃತ್ತು, ಮೂತ್ರಪಿಂಡ, ಥೈರಾಯಿಡ್, ಕಬ್ಬಿಣ, ಬಿ12 ಮತ್ತು ಡಿ ಜೀವಸತ್ವಗಳ ಪರೀಕ್ಷೆಯೊಂದಿಗೆ ಹೃದಯದ ತಪಾಸಣೆ ನಡೆಯುತ್ತದೆ. ಎಂಡೋಸ್ಕೋಪಿಯಿಂದ ಜಠರದ ಹುಣ್ಣು, ಹೆಲಿಕೊಬ್ಯಾಕ್ಟರ್ ಸೋಂಕು ಮತ್ತು ಅನ್ನನಾಳದ ಸ್ಥಿತಿ ತಿಳಿಯುತ್ತದೆ. ವಿಧದ ಆಯ್ಕೆ ಅನೇಕ ಬಾರಿ ಬದಲಾಗುವುದು ಇಲ್ಲಿಯೇ. ಜೋರಾಗಿ ಗೊರಕೆ ಹೊಡೆಯುವವರಲ್ಲಿ ನಿದ್ರೆಯ ನಡುವೆ ಉಸಿರು ಕಟ್ಟುವ ತೊಂದರೆ ಇದೆಯೇ ಎಂದು ನೋಡಬೇಕು, ಏಕೆಂದರೆ ಅರಿವಳಿಕೆಯ ವೇಳೆ ಅದು ಅಪಾಯಕಾರಿ.

ಶಸ್ತ್ರಚಿಕಿತ್ಸೆಗೆ ಸುಮಾರು ಎರಡು ವಾರ ಮೊದಲಿನಿಂದ ಕಡಿಮೆ ಪಿಷ್ಟದ, ದಿನಕ್ಕೆ 800ರಿಂದ 1,000 ಕ್ಯಾಲೊರಿಗಳ ಆಹಾರವನ್ನು ಸೂಚಿಸುವುದುಂಟು. ಕೊಬ್ಬು ತುಂಬಿ ಹಿಗ್ಗಿದ ಯಕೃತ್ತು ಜಠರದ ಮೇಲೆ ಹರಡಿಕೊಂಡಿರುತ್ತದೆ. ಈ ಪಥ್ಯದಿಂದ ಅದು ಕುಗ್ಗಿ ಶಸ್ತ್ರವೈದ್ಯರಿಗೆ ಜಾಗ ದೊರೆಯುತ್ತದೆ. ಮಧುಮೇಹದ ಔಷಧಿಗಳ ಪ್ರಮಾಣವನ್ನು ಈ ಅವಧಿಯಲ್ಲಿ ವೈದ್ಯರೇ ತಗ್ಗಿಸಬೇಕು; ರೋಗಿ ತಾನೇ ನಿರ್ಧರಿಸಬಾರದು. ರಕ್ತ ತೆಳುವಾಗಿಸುವ ಮಾತ್ರೆ, ಗರ್ಭನಿರೋಧಕ ಮಾತ್ರೆ, ತೂಕ ಇಳಿಸುವ ಚುಚ್ಚುಮದ್ದು, ನಾಟಿ ಔಷಧಿ ಇವೆಲ್ಲವನ್ನೂ ಅರಿವಳಿಕೆ ತಜ್ಞರಿಗೆ ಮರೆಮಾಚದೆ ತಿಳಿಸಬೇಕು. ಧೂಮಪಾನವನ್ನು ಕನಿಷ್ಠ ಆರು ವಾರ ಮೊದಲೇ ನಿಲ್ಲಿಸಬೇಕು.

ಮನಸ್ಸಿನ ಸಿದ್ಧತೆಯೂ ಅಷ್ಟೇ ಮುಖ್ಯ. ದುಃಖ, ಒಂಟಿತನ ಅಥವಾ ಆತಂಕದಿಂದ ಅತಿಯಾಗಿ ತಿನ್ನುವ ಅಭ್ಯಾಸವನ್ನು ಶಸ್ತ್ರಚಿಕಿತ್ಸೆ ತೆಗೆದುಹಾಕುವುದಿಲ್ಲ. ಆದ್ದರಿಂದ ಮನಶ್ಶಾಸ್ತ್ರಜ್ಞರ ಭೇಟಿಯನ್ನು ಅವಮಾನವೆಂದು ಭಾವಿಸಬೇಕಿಲ್ಲ. ಅಡುಗೆ ಮಾಡುವವರೂ ಸೇರಿದಂತೆ ಮನೆಯವರು ಆಹಾರತಜ್ಞರ ಮಾತನ್ನು ಜೊತೆಯಲ್ಲಿಯೇ ಕೇಳುವುದು ಉಪಯುಕ್ತ.

ನಂತರದ ಜೀವನ

ಮೊದಲ ದಿನಗಳಲ್ಲಿ ನೀರು ಮತ್ತು ತಿಳಿಯಾದ ದ್ರವಗಳು, ಬಳಿಕ ಮಜ್ಜಿಗೆ, ಬೇಳೆಕಟ್ಟು, ಪ್ರೋಟೀನ್ ಬೆರೆಸಿದ ಪಾನೀಯಗಳು, ಅನಂತರ ಅರೆದ ಆಹಾರ, ಕೊನೆಗೆ ಮೆತ್ತನೆಯ ಘನಾಹಾರ, ಹೀಗೆ ವಾರಗಳ ಕ್ರಮದಲ್ಲಿ ಮುಂದುವರಿಯಬೇಕು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಅಗತ್ಯ. ಅನ್ನ, ಮುದ್ದೆ, ರೊಟ್ಟಿಯೇ ಊಟದ ತಿರುಳಾಗಿರುವ ನಮ್ಮ ಪದ್ಧತಿಯಲ್ಲಿ ಇದು ಸುಲಭವಲ್ಲ: ಪುಟ್ಟ ಜಠರವನ್ನು ಅವು ಮೊದಲೇ ತುಂಬಿದರೆ ಬೇಳೆ, ಕಾಳು, ಮೊಸರು, ಪನೀರು, ಮೊಟ್ಟೆ, ಮೀನುಗಳಿಗೆ ಜಾಗ ಉಳಿಯುವುದಿಲ್ಲ. ಆದ್ದರಿಂದ ಪ್ರೋಟೀನ್ ಪದಾರ್ಥವನ್ನು ಮೊದಲು ತಿನ್ನಬೇಕು, ಚೆನ್ನಾಗಿ ಅಗಿಯಬೇಕು, ಊಟದ ಜೊತೆ ನೀರು ಕುಡಿಯಬಾರದು. ಬೈಪಾಸ್ ಆದವರು ಸಿಹಿ ತಿಂದರೆ ಬೆವರು, ಎದೆಬಡಿತ, ತಲೆಸುತ್ತು, ಭೇದಿ ಉಂಟಾಗುವ ‘ಡಂಪಿಂಗ್’ ಎಂಬ ಸ್ಥಿತಿ ಬರಬಹುದು.

ಬಹುಜೀವಸತ್ವ, ಕಬ್ಬಿಣ, ಬಿ12, ಡಿ ಜೀವಸತ್ವ ಮತ್ತು ದಿನಕ್ಕೆ 1,200ರಿಂದ 1,500 ಮಿಲಿಗ್ರಾಂ ಕ್ಯಾಲ್ಸಿಯಂ ಜೀವನಪರ್ಯಂತ ಬೇಕಾಗುತ್ತವೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಒಟ್ಟಿಗೆ ನುಂಗಬಾರದು. ಮದ್ಯ ಬಹುಬೇಗ ತಲೆಗೇರುತ್ತದೆ. ವ್ಯಸನವಾಗುವ ಅಪಾಯವೂ ಹೆಚ್ಚು. ಮಹಿಳೆಯರು 12ರಿಂದ 18 ತಿಂಗಳವರೆಗೆ ಗರ್ಭಧಾರಣೆಯನ್ನು ಮುಂದೂಡಬೇಕು. ಕೆಲವು ವರ್ಷಗಳ ನಂತರ ಸ್ವಲ್ಪ ತೂಕ ಮರಳುವುದು ಸಾಮಾನ್ಯ. ಅದು ರೋಗಿಯ ಅಪರಾಧವಲ್ಲ, ಮತ್ತೆ ವೈದ್ಯರನ್ನು ಕಾಣಬೇಕೆಂಬುದರ ಸೂಚನೆ.

ಅಪಾಯಗಳು

ಹೊಲಿಗೆಯ ಜಾಗದಿಂದ ಸೋರಿಕೆ, ರಕ್ತಸ್ರಾವ, ಕಾಲಿನ ಅಭಿಧಮನಿಗಳಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶ ಸೇರುವುದು ಆರಂಭಿಕ ಅಪಾಯಗಳು. ಏರಿದ ನಾಡಿಬಡಿತ, ಜ್ವರ, ಉಸಿರಾಟದ ಕಷ್ಟ, ಹೆಚ್ಚುತ್ತಿರುವ ಹೊಟ್ಟೆನೋವು ಕಾಣಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ತೂಕ ಬೇಗ ಇಳಿಯುವಾಗ ಪಿತ್ತಕಲ್ಲುಗಳಾಗಬಹುದು. ಬೈಪಾಸ್ ಆದವರಲ್ಲಿ ವರ್ಷಗಳ ನಂತರವೂ ಕರುಳು ಒಳಗೇ ಸಿಕ್ಕಿಕೊಳ್ಳುವ ಸಾಧ್ಯತೆಯಿದೆ. ನಿಲ್ಲದ ವಾಂತಿಯನ್ನು ಎಂದೂ ನಿರ್ಲಕ್ಷಿಸಬಾರದು: ಥಯಾಮಿನ್ (ಬಿ1) ಕೊರತೆಯಿಂದ ಕೆಲವೇ ವಾರಗಳಲ್ಲಿ ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ಇನ್ನೊಂದೆಡೆ, 1987ರಲ್ಲಿ ಆರಂಭವಾದ ಸ್ವೀಡನ್ನಿನ ದೀರ್ಘಕಾಲೀನ ಅಧ್ಯಯನವು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಮರಣದ ಪ್ರಮಾಣ ಕಡಿಮೆಯಿರುವುದನ್ನು 2007ರಲ್ಲಿ ವರದಿ ಮಾಡಿತು.

ಭಾರತದಲ್ಲಿ ವಿಮೆ

ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2019ರಲ್ಲಿ ಏಕರೂಪಗೊಳಿಸಿದ ನಿಯಮದಂತೆ, ವೈದ್ಯರ ಸಲಹೆಯ ಮೇರೆಗೆ, 18 ವರ್ಷ ತುಂಬಿದವರಿಗೆ, ಸೂಚಿ 40 ಅಥವಾ ಹೆಚ್ಚಿದ್ದಾಗ ಈ ಚಿಕಿತ್ಸೆ ವಿಮೆಯ ವ್ಯಾಪ್ತಿಗೆ ಬರಬಹುದು. ಸೂಚಿ 35 ಅಥವಾ ಹೆಚ್ಚಿದ್ದು, ಇತರ ವಿಧಾನಗಳು ವಿಫಲವಾಗಿ, ಹೃದ್ರೋಗ, ತೀವ್ರ ನಿದ್ರಾ ಉಸಿರುಕಟ್ಟುವಿಕೆ ಅಥವಾ ನಿಯಂತ್ರಣಕ್ಕೆ ಬಾರದ ಎರಡನೆಯ ಬಗೆಯ ಮಧುಮೇಹ ಇದ್ದಾಗಲೂ ಇದು ಅನ್ವಯಿಸುತ್ತದೆ. ಮೇಲಿನ ಉದಾಹರಣೆಯ 84 ಕಿಲೋ ತೂಕದ ವ್ಯಕ್ತಿಗೆ ಮಧುಮೇಹವಿದ್ದರೆ ಭಾರತೀಯ ವೈದ್ಯಕೀಯ ಮಿತಿಯಂತೆ ಅವರು ಅರ್ಹರು. ವಿಮೆಯ ಮಿತಿಯನ್ನು ಮುಟ್ಟಲು ಅವರ ತೂಕ ಸುಮಾರು 90 ಕಿಲೋ ಇರಬೇಕಾಗುತ್ತದೆ. ಆದ್ದರಿಂದ ದಿನಾಂಕ ಗೊತ್ತುಮಾಡುವ ಮೊದಲೇ ಪಾಲಿಸಿಯ ನಿಬಂಧನೆ ಮತ್ತು ನಿರೀಕ್ಷಣಾ ಅವಧಿಯನ್ನು ಓದಿ, ಲಿಖಿತ ಒಪ್ಪಿಗೆ ಪಡೆಯುವುದು ಒಳಿತು. ಶಸ್ತ್ರಚಿಕಿತ್ಸೆಯ ವೆಚ್ಚದ ಜೊತೆಗೆ ಮುಂದಿನ ವರ್ಷಗಳ ಪರೀಕ್ಷೆ ಮತ್ತು ಪೂರಕ ಮಾತ್ರೆಗಳ ವೆಚ್ಚವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.