ಕಾನ್ಹೇರಿಯ ಕಲ್ಲಿನಲ್ಲಿ ನೃಪತುಂಗ

ಊರಿನಿಂದ ಬಂದ ನೆಂಟರನ್ನು ಕೋಟೆ ಭಾಗದ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯುವುದು ಮುಂಬಯಿ ಕನ್ನಡಿಗರಲ್ಲಿ ಹಳೆಯ ವಾಡಿಕೆ. 1922ರಲ್ಲಿ ಸಾರ್ವಜನಿಕರಿಗೆ ತೆರೆದ ಈ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಇಂದು ಛತ್ರಪತಿ ಶಿವಾಜಿ ಮಹಾರಾಜರ ಹೆಸರನ್ನು ಹೊತ್ತಿದೆ. ಅಲ್ಲಿ ಐಹೊಳೆಯ ಶಿಲ್ಪಗಳ ಮುಂದೆ ನಿಂತು ಹಿಗ್ಗದ ಕನ್ನಡಿಗನಿಲ್ಲ. ಆದರೆ ಆ ಶಿಲ್ಪಗಳು ಹೊರಗಿನಿಂದ ಇಲ್ಲಿಗೆ ತಂದವು. ಕನ್ನಡ ನಾಡಿನ ಚಕ್ರವರ್ತಿಯೊಬ್ಬನ ಹೆಸರು ಈ ಮಹಾನಗರದ ಸ್ವಂತ ಬಂಡೆಯ ಮೇಲೆಯೇ, ಹನ್ನೊಂದು ಶತಮಾನಗಳಿಗೂ ಮಿಕ್ಕಿದ ಕಾಲದಿಂದ ಕೊರೆದು ನಿಂತಿದೆಯೆಂಬುದನ್ನು ಬಲ್ಲವರು ವಿರಳ. ಅದನ್ನು ಕಾಣಲು ಬೋರಿವಲಿಗೆ ಹೋಗಬೇಕು.

ಬೋರಿವಲಿಯ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿಯೇ ಶಾಸನಗಳ 'ಕೃಷ್ಣಗಿರಿ'. ಕಪ್ಪು ಬಂಡೆಯಲ್ಲಿ ಕೊರೆದ ನೂರಕ್ಕೂ ಹೆಚ್ಚು ಗುಹೆಗಳು ಇಲ್ಲಿವೆ. ಬೌದ್ಧ ಭಿಕ್ಷುಗಳು ಇಲ್ಲಿ ಶತಮಾನಗಳ ಕಾಲ ವಾಸಿಸಿದ್ದರು. ಕ್ರಿ.ಶ. ಒಂಬತ್ತನೆಯ ಶತಮಾನದಲ್ಲಿ ಉತ್ತರ ಕೊಂಕಣವನ್ನು ಆಳುತ್ತಿದ್ದವರು ಶಿಲಾಹಾರರು. ಅವರು ಮಾನ್ಯಖೇಟದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದ, ರಾಷ್ಟ್ರಕೂಟರ ಸಾಮಂತರು. ಆದುದರಿಂದ ಇಲ್ಲಿಯ ಮೂರು ಶಾಸನಗಳಲ್ಲಿ ಮೊದಲು ಬರುವ ಹೆಸರು ಅಮೋಘವರ್ಷನದು. 'ಕವಿರಾಜಮಾರ್ಗ'ದಿಂದ ಕನ್ನಡಿಗರ ಮನೆಮಾತಾಗಿರುವ ನೃಪತುಂಗನೇ ಈತ.

ಮೂರರಲ್ಲಿ ಹಳೆಯದು ಸುಮಾರು ಕ್ರಿ.ಶ. 843ರದು. ಅಮೋಘವರ್ಷನ ಪ್ರಸಾದದಿಂದ ಪುಲ್ಲಶಕ್ತಿಯು ಪುರಿಯೇ ಮೊದಲಾದ ಕೊಂಕಣವನ್ನು ಆಳುತ್ತಿದ್ದನೆಂದು ಅದು ಹೇಳುತ್ತದೆ. ಎರಡನೆಯದು 'ದರ್ಬಾರು ಗುಹೆ'ಯ ಪಡಸಾಲೆಯ ಕಂಬಗಳ ಮೇಲಣ ತೊಲೆಯಲ್ಲಿದೆ. ಅದರ ಕಾಲ ಶಕ 775. ಮೂರನೆಯದು ಶಕ 799, ಅಂದರೆ ಕ್ರಿ.ಶ. 877ರ ಸುಮಾರು. ಪುಲ್ಲಶಕ್ತಿ ಹೋಗಿ ಕಪರ್ದಿ ಬಂದರೂ ಮೇಲಿನ ಪ್ರಭು ಅಮೋಘವರ್ಷನೇ. ಕ್ರಿ.ಶ. 814ರಲ್ಲಿ ಬಾಲಕನಾಗಿದ್ದಾಗಲೇ ಪಟ್ಟವೇರಿದ ಈ ದೊರೆ ಅರವತ್ತು ವರ್ಷಗಳನ್ನು ಮೀರಿ ಆಳಿದನೆಂಬ ಮಾತು ಉತ್ಪ್ರೇಕ್ಷೆಯಲ್ಲವೆಂಬುದಕ್ಕೆ ಬೋರಿವಲಿಯ ಬಂಡೆ ಬಲವಾದ ಸಾಕ್ಷಿ.

ಎರಡನೆಯ ಶಾಸನದ ದಾನಿಯ ವಿಷಯ ಇನ್ನೂ ಸ್ವಾರಸ್ಯವಾದುದು. ಆತನ ಹೆಸರು ಅವಿಘ್ನಾಕರ. ಊರು ಗೌಡದೇಶ, ಎಂದರೆ ಬಂಗಾಳದ ಕಡೆ. ಅಷ್ಟು ದೂರದಿಂದ ಬಂದ ಈ ಪರದೇಶಿ ಧ್ಯಾನಗೃಹಗಳಿಗಾಗಿ, ಭಿಕ್ಷುಗಳ ವಸ್ತ್ರಕ್ಕಾಗಿ ನೂರು ದ್ರಮ್ಮಗಳ ನಿಧಿಯನ್ನು ಇಟ್ಟನು. ಇಂಥ ದತ್ತಿಗೆ ಹಿಂದಿನವರು 'ಅಕ್ಷಯನೀವಿ' ಎನ್ನುತ್ತಿದ್ದರು: ಮೂಲಧನವನ್ನು ಮುಟ್ಟಕೂಡದು, ಬಡ್ಡಿಯಿಂದ ಮಾತ್ರ ವೆಚ್ಚ ನಡೆಯಬೇಕು. ಇಂದಿನ ಸಂಘಸಂಸ್ಥೆಗಳ ಶಾಶ್ವತ ನಿಧಿಗಿಂತ ಇದು ಬೇರೆಯಲ್ಲ. ಪುಲ್ಲಶಕ್ತಿಯ ಕಾಲದ ದಾನದಲ್ಲಂತೂ ಪುಸ್ತಕಗಳಿಗೆಂದೇ ಒಂದು ಪಾಲು ಬೇರೆಯಾಗಿತ್ತು!

ಜಿನಸೇನಾಚಾರ್ಯರನ್ನು ಗುರುವೆಂದು ಭಾವಿಸಿದ ಅರಸನ ಆಳ್ವಿಕೆಯಲ್ಲಿ ಬೌದ್ಧ ವಿಹಾರಕ್ಕೆ ದತ್ತಿ ಸಂದಿತು. ಅವನದೇ ಶಕ 793ರ ಸಂಜಾನ್ ತಾಮ್ರಶಾಸನ, ಲೋಕೋಪದ್ರವದ ನಿವಾರಣೆಗಾಗಿ ಅವನು ತನ್ನ ಎಡಗೈಯ ಬೆರಳನ್ನೇ ಕತ್ತರಿಸಿ ಮಹಾಲಕ್ಷ್ಮಿಗೆ ಒಪ್ಪಿಸಿದನೆಂದು ಹೊಗಳುತ್ತದೆ. ಸಂಜಾನ್ ಆಗ ಬೇರೆ ಊರಲ್ಲ; ಬ್ರಿಟಿಷರ ಕಾಲದ ಠಾಣೆ ಜಿಲ್ಲೆಯೊಳಗೇ ಇದ್ದು, ಈಗ ಗುಜರಾತಿಗೆ ಸೇರಿದೆ. ಆ ಉಪದ್ರವವು ಸಾಂಕ್ರಾಮಿಕವೋ ಕ್ಷಾಮವೋ ಶಾಸನ ಬಿಡಿಸಿ ಹೇಳುವುದಿಲ್ಲ. ಹೊಗಳುಭಟರ ಮಾತಿನಲ್ಲಿ ಎಷ್ಟು ಪಾಲು ನಿಜವೆಂಬುದನ್ನು ಓದುಗರೇ ತೂಗಿನೋಡಬೇಕು.

ಹಾಗೆಂದು ಈ ಬರೆಹಗಳನ್ನು ಹಿಡಿದು 'ಮುಂಬಯಿ ಕನ್ನಡಿಗರದಾಗಿತ್ತು' ಎಂದು ವಾದಕ್ಕಿಳಿಯುವುದು ಸಲ್ಲದು. ಶಾಸನಗಳ ಭಾಷೆ ಸಂಸ್ಕೃತ. ಅವು ಹೇಳುವುದು ಅರಸನ ಅಧಿಕಾರವನ್ನು, ಜನರ ಆಡುಮಾತನ್ನಲ್ಲ. 1009ರಲ್ಲಿ ಬಂದ ಪಾರಸೀ ಯಾತ್ರಿಕರೂ ಇದೇ ಬೆಟ್ಟದಲ್ಲಿ ಪಹ್ಲವಿ ಲಿಪಿಯಲ್ಲಿ ತಮ್ಮ ಹೆಸರುಗಳನ್ನು ಕೆತ್ತಿ ಹೋಗಿದ್ದಾರೆ.

ನೋಡಹೋಗುವವರು ಸೋಮವಾರವನ್ನು ಬಿಡಬೇಕು. ಅಂದು ಬಾಗಿಲು ಮುಚ್ಚಿರುತ್ತದೆ. ಉದ್ಯಾನದ ಹೆಬ್ಬಾಗಿಲಿನಿಂದ ಗುಹೆಗಳಿಗೆ ಸುಮಾರು ಆರು ಕಿಲೋಮೀಟರು ದಾರಿ. ಮೆಟ್ಟಿಲುಗಳು ಬಂಡೆಯಲ್ಲೇ ಕಡಿದವು. ಮಳೆಗಾಲದಲ್ಲಿ ಜಾರುತ್ತವೆ, ಮಂಡಿನೋವಿನವರು ಕೋಲು ಹಿಡಿಯುವುದು ಲೇಸು. ಹೃದಯದ ತೊಂದರೆಯಿರುವ ಹಿರಿಯರು ಬೇಸಗೆಯ ನಡುಹಗಲನ್ನು ತಪ್ಪಿಸಿ, ನೀರು ಜೊತೆಗಿಟ್ಟು, ಬೆಳಿಗ್ಗೆಯೇ ಏರಬೇಕು. ದರ್ಬಾರು ಗುಹೆಯ ತೊಲೆಯ ಅಕ್ಷರಗಳು ಸವೆದಿವೆ; ಓರೆಯಾಗಿ ಬೀಳುವ ಬಿಸಿಲಿದ್ದರೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ. ಕೈಯಿಂದ ಮುಟ್ಟಬಾರದು.